ಮೊದಲ ಗುಂಡು

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಲೆಕ್ಸಿಂಗ್ಟನ್ ಎಂಬ ಊರಿದೆ. 1775ರ ಏಪ್ರಿಲ್ 19ರ ನಸುಕಿನಲ್ಲಿ ಅಲ್ಲಿಯ ಹುಲ್ಲುಬಯಲಿನಲ್ಲಿ ಜಾನ್ ಪಾರ್ಕರನ ಹಿಂದೆ ನಿಂತ ಎಪ್ಪತ್ತು ಎಂಬತ್ತು ಮಂದಿ ಊರಾಳುಗಳು ಬ್ರಿಟಿಷ್ ದಂಡಿಗೆ ಎದುರಾದರು. ಎಂಟು ಜನ ಮಡಿದರು. ವರ್ಷವರ್ಷವೂ ಏಪ್ರಿಲ್ಲಿನಲ್ಲಿ ಊರವರು ಅಂದಿನ ಉಡುಪು ತೊಟ್ಟು ಅದೇ ಬಯಲಿನಲ್ಲಿ ಆ ಕಾಳಗವನ್ನು ಆಡಿ ತೋರಿಸುವ ಪದ್ಧತಿಯುಂಟು. ಬಂದೂಕಿನಲ್ಲಿ ಮದ್ದಿದೆ, ಗುಂಡಿಲ್ಲ.

ಆದರೆ ಅಂದು ಮೊದಲು ಗುಂಡು ಹಾರಿಸಿದವರು ಯಾರು? ಇಬ್ಬರೂ ಎದುರಾಳಿಯತ್ತ ಬೆರಳು ತೋರಿದರು, ಇಂದಿಗೂ ತೀರ್ಮಾನವಾಗಿಲ್ಲ. ಇತಿಹಾಸಕಾರನು ‘ತಿಳಿಯದು’ ಎಂದು ಬರೆದು ಮುಂದೆ ಸಾಗಬಹುದು. ಬಯಲಿನಲ್ಲಿ ನಿಂತವನಿಗೆ ಆ ಸೌಕರ್ಯವಿಲ್ಲ. ಸದ್ದು ಎಲ್ಲಿಂದಲಾದರೂ ಬರಲೇಬೇಕಷ್ಟೆ.

ಅದಕ್ಕಿಂತ ಕಠಿನವಾದುದು ಇನ್ನೊಂದಿದೆ. ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಾಬ್ರೂಕ್ ಎಂಬ ಕರಿಯ ಗುಲಾಮನೂ ಇದ್ದ. ಒಡೆಯನ ಸ್ವತ್ತಾಗಿದ್ದವನು ಸ್ವಾತಂತ್ರ್ಯದ ಸಾಲಿನಲ್ಲಿ ಯಾವ ಮುಖ ಹೊತ್ತು ನಿಂತಿದ್ದನೆಂಬುದನ್ನು, ಅವನ ವೇಷ ಧರಿಸುವವನಿಗೆ ಹೇಳಿಕೊಡಬಲ್ಲವರು ಯಾರು?