ವಿದುರಾಶ್ವತ್ಥದ ವೀರಸೌಧವೂ ಮೃತರ ಸಂಖ್ಯೆಯೂ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಉತ್ತರಪಿನಾಕಿನಿಯ ತೀರದ ಯಾತ್ರಾಸ್ಥಳ. ವಿದುರನು ನೆಟ್ಟನೆಂದು ಜನರು ನಂಬುವ ಅಶ್ವತ್ಥವೃಕ್ಷದಿಂದ ಊರಿಗೆ ಈ ಹೆಸರು ಬಂದಿತು. ಸಂತಾನಾರ್ಥಿಗಳು ಹರಕೆಯಾಗಿ ಪ್ರತಿಷ್ಠಿಸಿದ ನಾಗಶಿಲೆಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಇಂತಹ ಕ್ಷೇತ್ರದಲ್ಲಿ 1938ನೆಯ ಇಸವಿ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆ ಘಟನೆಯ ಸ್ಮಾರಕವಾಗಿ ಹುತಾತ್ಮರ ಸ್ತೂಪವೂ, ಸ್ವಾತಂತ್ರ್ಯಸಂಗ್ರಾಮದ ಚಿತ್ರಗಳನ್ನು ತೋರಿಸುವ ವೀರಸೌಧವೂ ಈಗ ಅಲ್ಲಿವೆ. ಗ್ರಂಥಗಳನ್ನು ಓದದ ಬಹುಮಂದಿಗೆ ಇಂತಹ ಮಂದಿರಗಳ ಫಲಕವೇ ಶಾಸನ. ಆದುದರಿಂದ ಅಲ್ಲಿ ಏನನ್ನು ಹೇಗೆ ಹೇಳಬೇಕೆಂಬುದು ವಿಚಾರಾರ್ಹವಾದ ವಿಷಯ.

‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎಂಬುದು ಈ ಸ್ಥಳಕ್ಕೆ ರೂಢಿಯಾಗಿರುವ ಬಿರುದು. ಈ ಹೋಲಿಕೆ ಭಾವಕ್ಕೆ ಒಪ್ಪುವಷ್ಟು ಇತಿಹಾಸಕ್ಕೆ ಒಪ್ಪದು. 1919ರಲ್ಲಿ ಅಮೃತಸರದ ಜನರನ್ನು ಕೊಂದುದು ಬ್ರಿಟಿಷರ ಸೈನ್ಯ. ಇಲ್ಲಿ ಗುಂಡು ಹಾರಿಸಿದವರು ‘ಮಾದರಿ ಸಂಸ್ಥಾನ’ವೆಂದು ಹೊಗಳಿಸಿಕೊಂಡ ನಮ್ಮ ಮೈಸೂರಿನವರೇ. ಗಡಿಯಾಚೆ ಸಮೀಪದಲ್ಲಿರುವ ಹಿಂದೂಪುರವು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಅಲ್ಲಿ ರಾಜಗೋಪಾಲಾಚಾರ್ಯರ ಕಾಂಗ್ರೆಸ್ ಮಂತ್ರಿಮಂಡಲವೇ ಆಳುತ್ತಿತ್ತು! ಆಚೆ ಅಧಿಕಾರದಲ್ಲಿದ್ದ ಪಕ್ಷದ ಬಾವುಟವು ಈಚೆ ಅಪರಾಧವಾಗಿತ್ತು. ಮೇಲಾಗಿ, ಅದೇ ಫೆಬ್ರವರಿಯಲ್ಲಿ ನೆರೆದ ಹರಿಪುರದ ಅಧಿವೇಶನವು, ಸಂಸ್ಥಾನಗಳ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಕೂಡದು, ಆಯಾ ಪ್ರಜೆಗಳೇ ನಡೆಸಬೇಕೆಂದು ನಿರ್ಣಯಿಸಿತ್ತು. ಏಪ್ರಿಲ್ ತಿಂಗಳಿನಲ್ಲಿಯೇ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜವನ್ನೇರಿಸಿದವರೂ, ಆಮೇಲೆ ಇಲ್ಲಿ ನೆರೆದವರೂ ಸ್ವಂತ ಹೊಣೆಯ ಮೇಲೆ ಹೊರಟವರು. ಪರಿಣಾಮವೂ ಬೇರೆಯಾಯಿತು: ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಮೇಲೆ, ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆತು, ರಾಷ್ಟ್ರಧ್ವಜವನ್ನೂ ಸಂಸ್ಥಾನದ ಧ್ವಜವನ್ನೂ ಜೊತೆಯಾಗಿ ಹಾರಿಸಬಹುದೆಂದು ಒಪ್ಪಂದವಾಯಿತು.

ಹೋಲಿಕೆಯು ನಿಜವಾಗಿ ಉಪಯೋಗಕ್ಕೆ ಬರುವುದು ಮೃತರ ಸಂಖ್ಯೆಯ ವಿಷಯದಲ್ಲಿ. ಅಮೃತಸರದಲ್ಲಿ ಹಂಟರ್ ಸಮಿತಿಯ ಲೆಕ್ಕ 379. ಕಾಂಗ್ರೆಸ್ಸಿನ ಲೆಕ್ಕ ಸಾವಿರದ ಸಮೀಪ. ವಿದುರಾಶ್ವತ್ಥದಲ್ಲಿಯೂ ಸರ್ಕಾರದವರು 10 ಎಂದರೆ ಜನರು 30ಕ್ಕೂ ಮಿಕ್ಕು ಎನ್ನುವರು. ಎರಡನ್ನೂ, ಎಣಿಸಿದವರು ಯಾರೆಂಬುದರೊಡನೆ, ಒಂದೇ ಫಲಕದಲ್ಲಿ ಬರೆಯುವುದು ಯುಕ್ತ. ಸರ್ಕಾರದ ಸಂಖ್ಯೆಯನ್ನು ಬಿಟ್ಟರೆ, ಗುಂಡು ಹಾರಿಸಿದವರೇ ಎಷ್ಟನ್ನು ಒಪ್ಪಿಕೊಂಡರೆಂಬುದು ಮರೆಯಾಗುವುದು. ಜನರ ಸಂಖ್ಯೆಯನ್ನು ಬಿಟ್ಟರೆ, ಆ ಸೀಮೆಯ ನೆನಪಿಗೆ ಬೆಲೆಯಿಲ್ಲವೆಂದಂತಾಗುವುದು.

ಪುರಾತನ ಅಶ್ವತ್ಥವು 2001ರಲ್ಲಿ ಉರುಳಿತು. ಉಳಿದ ಸಾಕ್ಷ್ಯವನ್ನು ಕಾಗದಪತ್ರಗಳಲ್ಲಿ ಅರಸುವವರು ಒಂದನ್ನು ನೆನಪಿಡಬೇಕು: ಚಿಕ್ಕಬಳ್ಳಾಪುರವು ಜಿಲ್ಲೆಯಾದುದು 2007ರಲ್ಲಿ, 1938ರ ಗೌರಿಬಿದನೂರಿನ ಕಡತಗಳನ್ನು ಕೋಲಾರ ಜಿಲ್ಲೆಯ ಹೆಸರಿನಲ್ಲಿಯೇ ಹುಡುಕಬೇಕು.