ಗುರುತಿನ ಚೀಟಿ ನಂಬಬಹುದೇ?

ಗರಿಕೆ ಕಿತ್ತವರಿಗೆ ಗೊತ್ತು, ಮೇಲಿನ ಹುಲ್ಲು ಎಷ್ಟೇ ಸವರಿದರೂ ಬೇರು ಉಳಿದರೆ ಒಂದು ಮಳೆ ಸಾಕು. ಕ್ಯಾನ್ಸರ್ ಕೂಡ ಹೀಗೇನಾ? ಈ ಪ್ರಶ್ನೆಯ ಇತಿಹಾಸವನ್ನು ನಾನು ಓದತೊಡಗಿದ್ದು ಪಿತ್ತನಾಳದ ಕ್ಯಾನ್ಸರ್ ನೆಪದಲ್ಲಿ. ಲಿವರ್‌ನಿಂದ ಕರುಳಿಗೆ ಪಿತ್ತರಸ ಸಾಗಿಸುವ ಕೊಳವೆಗಳಲ್ಲಿ ಇದು ಸದ್ದಿಲ್ಲದೆ ಬೆಳೆಯುತ್ತೆ. ಕಣ್ಣು ಹಳದಿಯಾಗುವ ಹೊತ್ತಿಗೆ ಎಷ್ಟೋ ಜನರಿಗೆ ಆಪರೇಷನ್ನಿನ ಅವಕಾಶವೇ ಇರಲ್ಲ. ಆಪರೇಷನ್ ಆದವರಲ್ಲೂ ಅನೇಕರಿಗೆ ಮರುಕಳಿಸುತ್ತೆ.

ಕಥೆ ಶುರುವಾಗೋದು ರಕ್ತದಿಂದ. 1961ರಲ್ಲಿ ಟೊರೊಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬೇರೆ ಇಲಿಗಳ ಅಸ್ಥಿಮಜ್ಜೆಯನ್ನು ಚುಚ್ಚಿದರು. ಗುಲ್ಮದ ಮೇಲೆ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೇ ಕೋಶದ ಸಂತಾನ ಅಂತ ಆಮೇಲೆ ತಿಳಿಯಿತು. ರಕ್ತದ ಸ್ಟೆಮ್ ಸೆಲ್, ಅಂದ್ರೆ ಆಕರಕೋಶ, ಹೀಗೆ ಸಿಕ್ಕಿತು.

1994ರಲ್ಲಿ ಅದೇ ಊರಿನ ಜಾನ್ ಡಿಕ್ ತಂಡ ರಕ್ತದ ಕ್ಯಾನ್ಸರಿನಲ್ಲೂ ಇಂಥ ಕೋಶ ಹುಡುಕಿತು. ಕೋಶದ ಹೊರಮೈಯ ಪ್ರೋಟೀನುಗಳೇ ಗುರುತಿನ ಚೀಟಿ, ಅಂದ್ರೆ ಮಾರ್ಕರ್. ಸಿಡಿ34 ಇದ್ದು ಸಿಡಿ38 ಇಲ್ಲದ ಕೋಶಗಳಿಂದ ಮಾತ್ರ ಇಲಿಗೆ ಕಾಯಿಲೆ ಬಂತು. ರೋಗ ಹುಟ್ಟಿಸಬಲ್ಲ ಕೋಶ ಸುಮಾರು 2,50,000ಕ್ಕೆ ಒಂದು! 2003ರಲ್ಲಿ ಮಿಶಿಗನ್‌ನ ಮೈಕಲ್ ಕ್ಲಾರ್ಕ್ ತಂಡ ಸ್ತನ ಕ್ಯಾನ್ಸರಿನಲ್ಲಿ, ಸಿಡಿ44 ಇರುವ ಮತ್ತು ಸಿಡಿ24 ಇಲ್ಲದ ಅಥವಾ ತೀರಾ ಕಡಿಮೆ ಇರುವ ಕೋಶಗಳು ನೂರಿದ್ದರೂ ಗಡ್ಡೆಯಾಗುತ್ತೆ ಅಂತ ತೋರಿಸಿತು.

ಬೇರು ಸಿಕ್ಕಿತು ಅಂತ ಎಲ್ಲರಿಗೂ ಹುರುಪು. ಪಿತ್ತನಾಳದಲ್ಲೂ ಹುಡುಕಾಟ ನಡೆದು ಸಿಡಿ133, ಸಿಡಿ44, ಸಿಡಿ24, ಎಪ್‌ಕ್ಯಾಮ್ ಪಟ್ಟಿಗೆ ಸೇರಿದವು. ಇಲ್ಲೇ ನನಗೆ ಕುತೂಹಲ ಕೆರಳಿದ್ದು. ಸ್ತನದಲ್ಲಿ ಇರಬಾರದು ಅಂದ ಸಿಡಿ24, ಪಿತ್ತನಾಳದಲ್ಲಿ ಇರಬೇಕು! ಇನ್ನು ಎಪ್‌ಕ್ಯಾಮ್ ಅಂತೂ ಪಿತ್ತನಾಳದ ಆರೋಗ್ಯವಂತ ಕೋಶಗಳ ಮೇಲೂ ಇರುತ್ತೆ. ಆಫೀಸಿನ ಎಲ್ಲರ ಕೊರಳಲ್ಲೂ ಒಂದೇ ಟ್ಯಾಗ್ ಇದ್ರೆ ಕಳ್ಳನನ್ನು ಹಿಡಿಯೋದು ಹೇಗೆ?

2008ರಲ್ಲಿ ಅದೇ ಮಿಶಿಗನ್‌ನ ಶಾನ್ ಮಾರಿಸನ್ ತಂಡ ಇನ್ನೊಂದು ಏಟು ಕೊಟ್ಟಿತು. ರೋಗನಿರೋಧಕ ಶಕ್ತಿ ಇನ್ನಷ್ಟು ಕುಂದಿದ ಇಲಿಗಳಲ್ಲಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಸುಮಾರು ನಾಲ್ಕು ಕೋಶಗಳಲ್ಲಿ ಒಂದು ಗಡ್ಡೆ ಕಟ್ಟಿತು. ಹಾಗಾದ್ರೆ ಕೆಲವು ಕ್ಯಾನ್ಸರುಗಳಲ್ಲಿ 'ಅಪರೂಪದ ಬೇರು' ಅನ್ನೋದು ಕೋಶದ ಗುಣಕ್ಕಿಂತ ಹೆಚ್ಚಾಗಿ ನಾವು ಆರಿಸಿದ ಇಲಿಯ ಗುಣ!

ಇದು ಬರೀ ಲ್ಯಾಬಿನ ಜಗಳ ಅಲ್ಲ. 2010ರ ದೊಡ್ಡ ಪ್ರಯೋಗವೊಂದರಲ್ಲಿ ಜೆಮ್ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದಾಗ, ಮುಂದುವರಿದ ಪಿತ್ತನಾಳ ಮತ್ತು ಪಿತ್ತಕೋಶದ ಕ್ಯಾನ್ಸರ್ ರೋಗಿಗಳ ಮಧ್ಯಕ ಆಯುಷ್ಯ 8.1ರಿಂದ 11.7 ತಿಂಗಳಿಗೆ ಏರಿತು. ಮೂರೂವರೆ ತಿಂಗಳು ದೊಡ್ಡದೇ. ಆದರೆ ಸ್ಕ್ಯಾನ್ ಅಳೆಯೋದು ಹುಲ್ಲಿನ ಎತ್ತರವನ್ನು, ಬೇರನ್ನಲ್ಲ. ತಪ್ಪು ಚೀಟಿ ನಂಬಿ ಔಷಧಿ ಮಾಡಿದರೆ ಬೇರು ಅಲ್ಲೇ ಉಳಿಯುತ್ತೆ, ಒಳ್ಳೆಯ ಕೋಶಗಳು ಪೆಟ್ಟು ತಿನ್ನುತ್ತವೆ.

ಈ ಇತಿಹಾಸದಿಂದ ನಾನು ಕಲಿತದ್ದು ಇಷ್ಟೇ: ಕೋಶದ ಮೇಲೆ ಯಾವ ಚೀಟಿ ಇದೆ ಅಂತ ಕೇಳಿ ಸುಮ್ಮನಾಗಬಾರದು, ಆ ಕೋಶ ಮಾಡೋದೇನು ಅಂತಲೂ ಕೇಳಬೇಕು.