ಫಿತೂರಾದ ಗೂಢಚಾರರು: ಹೊತ್ತೊಯ್ದ ಗುಟ್ಟುಗಳಿಂದ ತಿಳಿಯುವುದೇನು?

ವಾಗದರಿ: ಅಕ್ಕಲಕೋಟ ತಾಲೂಕಿನ ಗಡಿ ಹಳ್ಳಿಗಳ ಜನರಿಗೆ ಕನ್ನಡದ 'ಪಿತೂರಿ'ಯೂ ಗೊತ್ತು, ಮರಾಠಿಯ 'ಫಿತೂರ'ವೂ ಗೊತ್ತು. ಕೇಳಲು ಒಂದೇ ಮಾತು, ಅರ್ಥ ಮಾತ್ರ ಬೇರೆ. ಕನ್ನಡದಲ್ಲಿ ಪಿತೂರಿ ಎಂದರೆ ಒಳಸಂಚು. ಮರಾಠಿಯಲ್ಲಿ ಫಿತೂರ ಎಂದರೆ ತನ್ನವರನ್ನು ಬಿಟ್ಟು ಎದುರಾಳಿಯ ಕಡೆ ಹೋದವನು. ಕೋರ್ಟಿನಲ್ಲಿ ಸಾಕ್ಷಿ ತಿರುಗಿಬಿದ್ದರೂ ಮರಾಠಿ ಪತ್ರಿಕೆಗಳು 'ಸಾಕ್ಷೀದಾರ ಫಿತೂರ' ಎಂದೇ ಬರೆಯುತ್ತವೆ. ಗುಟ್ಟು ಕಾಯಬೇಕಾದ ಬೇಹುಗಾರಿಕೆ ಅಧಿಕಾರಿಯೇ ಫಿತೂರಾದ ಪ್ರಸಂಗಗಳು ನಮ್ಮ ದೇಶದಲ್ಲೂ ನಡೆದಿವೆ.

ಎಲ್ಲಕ್ಕಿಂತ ದೊಡ್ಡದು ರವೀಂದರ್ ಸಿಂಗ್ ಪ್ರಕರಣ. ಸೈನ್ಯದಿಂದ ಬಂದು, 1968ರಲ್ಲಿ ಸ್ಥಾಪನೆಯಾದ 'ರಾ' ಸಂಸ್ಥೆಗೆ ಸೇರಿದ ಈತ ಜಂಟಿ ಕಾರ್ಯದರ್ಶಿ ದರ್ಜೆಗೆ ಏರಿದ್ದ. ತನ್ನ ಕೆಲಸಕ್ಕೆ ಸಂಬಂಧವಿಲ್ಲದ ಕಾಗದಗಳ ಝೆರಾಕ್ಸ್ ತೆಗೆಯುತ್ತಿದ್ದಾನೆಂಬ ಸಂಶಯ ಬಂದು, ಇಲಾಖೆ ಅವನ ಮೇಲೆ ಕಣ್ಣಿಟ್ಟಿತು. ಅಷ್ಟಾದರೂ 2004ರ ಮೇ ತಿಂಗಳಲ್ಲಿ, ದೇಶವೆಲ್ಲ ಲೋಕಸಭೆ ಚುನಾವಣೆಯ ಗದ್ದಲದಲ್ಲಿದ್ದಾಗ, ಹೆಂಡತಿಯೊಂದಿಗೆ ನೇಪಾಳ ದಾಟಿ ಅಮೆರಿಕ ಸೇರಿದ. ಮರುತಿಂಗಳು ಸರ್ಕಾರ ಅವನನ್ನು ಸೇವೆಯಿಂದ ವಜಾ ಮಾಡಿತು. ಹಕ್ಕಿ ಹಾರಿದ ಮೇಲೆ ಪಂಜರದ ಬಾಗಿಲು ಹಾಕಿದಂತಾಯಿತು. ಏನೇನು ಕಾಗದ ಹೋದವೆಂದು ಸರ್ಕಾರ ಜನರಿಗೆ ಹೇಳಲಿಲ್ಲ. ಅವನನ್ನು ಹಿಡಿಯುವ ಹೊಣೆಯಲ್ಲಿದ್ದ ಅಧಿಕಾರಿ ಅಮರ್ ಭೂಷಣ್, ನಿವೃತ್ತಿಯ ನಂತರ ಇದೇ ಪ್ರಕರಣವನ್ನು ಆಧರಿಸಿ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದರು. ಸಾಮಾನ್ಯ ಓದುಗರಿಗೆ ಒಳಗಿನ ಸಂಗತಿ ತಿಳಿದದ್ದು ಹೆಚ್ಚಾಗಿ ಇಂಥ ಪುಸ್ತಕಗಳಿಂದ ಮತ್ತು ಪತ್ರಿಕೆಗಳಿಂದಲೇ ಹೊರತು ಸರ್ಕಾರಿ ವರದಿಯಿಂದಲ್ಲ.

ಇದಕ್ಕೆ ತೀರ ಬೇರೆಯಾದದ್ದು ವಾಸಿಲಿ ಮಿತ್ರೋಖಿನ್ ಕಥೆ. ಈತ ಸೋವಿಯತ್ ರಷ್ಯಾದ ಕೆಜಿಬಿಯಲ್ಲಿ ಹಳೆಯ ಕಡತ ಕಾಯುವ ಅಧಿಕಾರಿ. 1972ರಿಂದ ಕೆಜಿಬಿಯ ವಿದೇಶ ವಿಭಾಗದ ಕಡತಗಳನ್ನು ಮಾಸ್ಕೋದ ಲುಬ್ಯಾಂಕಾ ಕಚೇರಿಯಿಂದ ಊರ ಹೊರಗಿನ ಹೊಸ ಕಟ್ಟಡಕ್ಕೆ ಸಾಗಿಸುವ ಉಸ್ತುವಾರಿ ಅವನದಾಯಿತು. ಸುಮಾರು 12 ವರ್ಷ ಕಡತಗಳನ್ನು ಓದಿ, ಮುಖ್ಯ ಸಂಗತಿಗಳನ್ನು ಚೀಟಿಗಳಲ್ಲಿ ಬರೆದುಕೊಂಡು, ಬಟ್ಟೆಬರೆಯಲ್ಲಿ ಅಡಗಿಸಿ ಮನೆಗೆ ತಂದ. ಆಮೇಲೆ ಅವನ್ನು ತನ್ನ ಹಳ್ಳಿಮನೆಯ ನೆಲದಡಿ ಹೂಳಿಟ್ಟ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ, ಬಾಲ್ಟಿಕ್ ದೇಶವೊಂದರಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಅದೇ ವರ್ಷ ಅವನ ಕುಟುಂಬ ಮತ್ತು ಕಾಗದಗಳು ಬ್ರಿಟನ್ ಸೇರಿದವು.

ಇತಿಹಾಸಕಾರ ಕ್ರಿಸ್ಟೋಫರ್ ಆಂಡ್ರ್ಯೂ ಜೊತೆ ಬರೆದ ಮೊದಲ ಸಂಪುಟ 1999ರಲ್ಲಿ ಬಂದಾಗ, ರಷ್ಯಾಕ್ಕೆ ಅಣುಬಾಂಬಿನ ಗುಟ್ಟು ಕೊಟ್ಟ ಮೆಲಿಟಾ ನಾರ್ವುಡ್ ಎಂಬ 87ರ ಬ್ರಿಟಿಷ್ ಅಜ್ಜಿಯ ಹೆಸರು ಬಯಲಾಯಿತು. ಅವಳ ಮೇಲೆ ಖಟ್ಲೆ ಹೂಡಲಿಲ್ಲ. ಮಿತ್ರೋಖಿನ್ 2004ರಲ್ಲಿ ತೀರಿಕೊಂಡ. 2005ರಲ್ಲಿ ಹೊರಬಂದ ಎರಡನೆಯ ಸಂಪುಟ ಭಾರತದಲ್ಲೇ ಬಿರುಗಾಳಿ ಎಬ್ಬಿಸಿತು. ಇಂದಿರಾ ಗಾಂಧಿ ಕಾಲದಲ್ಲಿ ಕೆಜಿಬಿಯ ಹಣ ನಮ್ಮ ರಾಜಕೀಯ ಪಕ್ಷಗಳಿಗೂ ಪತ್ರಿಕೆಗಳಿಗೂ ಹರಿದಿತ್ತೆಂದು ಅದರಲ್ಲಿತ್ತು. ಬಿಜೆಪಿ ತನಿಖೆ ಕೇಳಿತು. ಕಾಂಗ್ರೆಸ್ ಮತ್ತು ಕಮ್ಯುನಿಸ್ಟರು ಅಲ್ಲಗಳೆದರು.

ಓದುವಾಗ ಒಂದು ಮಾತು ಲಕ್ಷ್ಯದಲ್ಲಿರಲಿ. ಮಿತ್ರೋಖಿನ್ ತಂದದ್ದು ಮೂಲ ಕಡತವಲ್ಲ, ಕೈಬರಹದ ಟಿಪ್ಪಣಿ. ತಲಾಠಿಯ ದಫ್ತರ ನೋಡಿ ಬಂದವನು ಚೀಟಿಯಲ್ಲಿ ಗುರುತು ಹಾಕಿಕೊಂಡಂತೆ. ಅದು ಸುಳ್ಳೆಂದಲ್ಲ, ಆದರೆ 7/12 ಉತಾರೆಯ ಬೆಲೆ ಅದಕ್ಕಿಲ್ಲ. ಮೇಲಾಗಿ, 'ಇಷ್ಟು ಹಣ ಹಂಚಿದೆವು' ಎಂದು ಮೇಲಧಿಕಾರಿಗೆ ಬರೆದು ಕಳಿಸುವ ನೌಕರ ತನ್ನ ಕೆಲಸವನ್ನು ಸ್ವಲ್ಪ ದೊಡ್ಡದು ಮಾಡಿ ಹೇಳುವುದು ಯಾವ ಕಚೇರಿಯಲ್ಲೂ ಇದ್ದದ್ದೇ.

ಬಂದವನನ್ನೇ ನಂಬಬೇಕೋ ಬಿಡಬೇಕೋ ಎಂಬ ತೊಡಕೂ ಇದೆ. 1985ರ ಆಗಸ್ಟಿನಲ್ಲಿ ರೋಮ್ ನಗರದಲ್ಲಿ ಅಮೆರಿಕದ ಕಡೆ ಸೇರಿದ ಕೆಜಿಬಿ ಅಧಿಕಾರಿ ವಿತಾಲಿ ಯುರ್ಚೆಂಕೊ, ಇಬ್ಬರು ಅಮೆರಿಕನ್ ಫಿತೂರರ ಸುಳಿವು ಕೊಟ್ಟ. ನವೆಂಬರಿನಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಊಟಕ್ಕೆ ಕೂತವನು ಎದ್ದು ಹೋಗಿ ಸೋವಿಯತ್ ರಾಯಭಾರ ಕಚೇರಿ ಸೇರಿಕೊಂಡ! ಅವನು ನಿಜವಾಗಿ ಫಿತೂರಾಗಿದ್ದನೋ, ಕಳಿಸಿದವನೋ ಎಂಬ ವಾದ ಇನ್ನೂ ಮುಗಿದಿಲ್ಲ.

ಮಿತ್ರೋಖಿನ್ ಕಾಗದಗಳ ಬಹುಭಾಗವನ್ನು 2014ರಲ್ಲಿ ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲಿ ಓದುಗರಿಗೆ ತೆರೆಯಲಾಯಿತು. ತಾಳೆ ನೋಡಬೇಕಾದ ಕೆಜಿಬಿಯ ಮೂಲ ಕಡತಗಳು ಮಾತ್ರ ರಷ್ಯಾದ ಬೀಗದೊಳಗೇ ಉಳಿದಿವೆ.